ಸ್ಟೋನ್ಸ್ ಕರೆದರೂ ನಿಲ್ಲಲಿಲ್ಲ… ಬಾಂಬು ಸಿಡಿದರೂ ಬಿಡಲಿಲ್ಲ!

1975ರ ಜನವರಿ. ಹಾಲೆಂಡಿನ ರಾಟರ್‌ಡ್ಯಾಮ್ ನಗರ. ಕೊರೆಯುವ ಚಳಿ. 26 ವರ್ಷದ ಒಬ್ಬ ಐರಿಷ್ ಹುಡುಗ ಗಿಟಾರ್ ಪೆಟ್ಟಿಗೆ ಹಿಡಿದು ಬಂದಿಳಿದಿದ್ದಾನೆ. ಮೈಮೇಲೆ ಮಾಮೂಲಿ ಚೆಕ್ಸ್ ಶರ್ಟು, ಸವೆದ ಜೀನ್ಸ್, ಭುಜಕ್ಕಿಳಿದ ಕೂದಲು. ಅವನನ್ನು ಕರೆಸಿಕೊಂಡವರು ಯಾರು ಗೊತ್ತೇನು? ರೋಲಿಂಗ್ ಸ್ಟೋನ್ಸ್! ಹೌದು ಗೆಳೆಯರೆ, ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇದ್ದ ಅದೇ ರೋಲಿಂಗ್ ಸ್ಟೋನ್ಸ್. ಹಿಂದಿನ ತಿಂಗಳಷ್ಟೇ ಅವರ ಗಿಟಾರ್ ವಾದಕ ಮಿಕ್ ಟೇಲರ್ ತಂಡ ಬಿಟ್ಟು ಹೋಗಿದ್ದ. ಜಾಗ ಖಾಲಿ. ಲಂಡನ್ನಿನಲ್ಲಿ, ಅಮೆರಿಕದಲ್ಲಿ ಗಿಟಾರ್ ಹಿಡಿದವರೆಲ್ಲ ಆ ಜಾಗದ ಮೇಲೆ ಕಣ್ಣಿಟ್ಟು ಕೂತಿದ್ದರು.

ನಮ್ಮ ಹುಡುಗ ಕೆಲವು ರಾತ್ರಿ ಅವರ ಜೊತೆ ಕೂತು ನುಡಿಸಿದ. ಎಲ್ಲ ಚೆನ್ನಾಗಿಯೇ ಹೋಯಿತು. ಆದರೆ ‘ನೀನು ನಮ್ಮವನು’ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇತ್ತ ಇವನ ಸ್ವಂತ ತಂಡಕ್ಕೆ ಜಪಾನ್ ಪ್ರವಾಸ ಗೊತ್ತಾಗಿತ್ತು. ಟಿಕೆಟ್ ಮಾರಿ ಆಗಿತ್ತು. ಕೊನೆಗೆ, ‘ಏನು ನಿಮ್ಮ ತೀರ್ಮಾನ?’ ಅಂತ ಕೇಳೋಣವೆಂದು ಕೀತ್ ರಿಚರ್ಡ್ಸ್ ಕೋಣೆಗೆ ಹೋದರೆ ಆ ಮಹಾಶಯ ಗಾಢ ನಿದ್ದೆಯಲ್ಲಿ! ಕಾದ, ಮತ್ತೆ ಹೋಗಿ ನೋಡಿದ, ಇನ್ನೂ ನಿದ್ದೆ. ಬೆಳಗಾಯಿತು. ಹುಡುಗ ಗಿಟಾರ್ ಪೆಟ್ಟಿಗೆ ಎತ್ತಿಕೊಂಡು ವಿಮಾನ ನಿಲ್ದಾಣಕ್ಕೆ ನಡೆದ. ಜಪಾನಿಗೆ ಹೋಗಿ ಒಪ್ಪಿಕೊಂಡ ಕಚೇರಿಗಳನ್ನು ಮುಗಿಸಿದ. ಸ್ಟೋನ್ಸ್ ಜಾಗ ರಾನಿ ವುಡ್‌ಗೆ ಸಿಕ್ಕಿತು.

ಈ ಕಥೆಯನ್ನು ಲೋಕಕ್ಕೆ ಹೇಳಿದವನು ಆ ಹುಡುಗನ ತಮ್ಮ, ಕೊನೆಯವರೆಗೂ ಅವನ ಬೆನ್ನಿಗಿದ್ದ ಡೋನಲ್. ಹುಡುಗನ ಹೆಸರು ರೋರಿ ಗ್ಯಾಲಹರ್. ಕ್ಯಾಸೆಟ್ಟಿನ ಮೇಲೆ ‘ಗ್ಯಾಲಘರ್’ ಅಂತ ಓದುವ ಹಾಗೆ ಬರೆದಿರುತ್ತೆ; ಐರಿಷ್ ಜನ ನಡುವಿನ ಆ ‘ಘ’ವನ್ನು ನುಂಗಿಬಿಡುತ್ತಾರೆ.

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ‘ಜಿಮಿ ಹೆಂಡ್ರಿಕ್ಸ್ ಬಗ್ಗೆ ಬರೀರಿ, ಎರಿಕ್ ಕ್ಲಾಪ್ಟನ್ ಬಗ್ಗೆ ಬರೀರಿ’ ಅನ್ನೋರೇ ಹೆಚ್ಚು. ಅವರ ಬಗ್ಗೆ ಬರೆಯೋರು ಬೇಕಾದಷ್ಟು ಮಂದಿ ಇದ್ದಾರೆ ಬಿಡಿ. ಈ ವಾರ ಇವನ ಸರದಿ.

ನೂರು ಪೌಂಡಿನ ಸಾಲ

ಹುಟ್ಟಿದ್ದು 1948ರ ಮಾರ್ಚ್ 2ರಂದು, ಐರ್ಲೆಂಡಿನ ಡೊನೆಗಾಲ್ ಸೀಮೆಯ ಬ್ಯಾಲಿಷಾನನ್ ಎಂಬ ಪುಟ್ಟ ಊರಿನಲ್ಲಿ. ಅಪ್ಪ ಅಲ್ಲಿನ ಜಲವಿದ್ಯುತ್ ಯೋಜನೆಯಲ್ಲಿ ಕೆಲಸಕ್ಕಿದ್ದವನು, ಅಕಾರ್ಡಿಯನ್ ನುಡಿಸುತ್ತಿದ್ದ. ಅಮ್ಮ ಮೋನಿಕಾ ಹಾಡುತ್ತಿದ್ದಳು, ನಾಟಕದಲ್ಲಿ ಪಾತ್ರವನ್ನೂ ಮಾಡುತ್ತಿದ್ದಳು. ಸ್ವಲ್ಪ ಕಾಲ ಗಡಿಯಾಚೆಯ ಡೆರಿಯಲ್ಲಿ ಇದ್ದು, ಆಮೇಲೆ ತಾಯಿ ಮಕ್ಕಳು ದಕ್ಷಿಣದ ಕಾರ್ಕ್ ನಗರಕ್ಕೆ ಬಂದು ನೆಲೆಸಿದರು. ಒಂಬತ್ತನೆಯ ವಯಸ್ಸಿಗೇ ಹುಡುಗನ ಕೈಗೆ ಗಿಟಾರ್ ಬಂತು. ಗುರು ಯಾರು? ರೇಡಿಯೋ! ಅಮೆರಿಕದ ಸೈನಿಕರಿಗಾಗಿ ಯುರೋಪಿನಲ್ಲಿ ನಡೆಸುತ್ತಿದ್ದ ಕೇಂದ್ರ, ರೇಡಿಯೋ ಲಕ್ಸೆಂಬರ್ಗ್… ರಾತ್ರಿ ಹೊತ್ತು ಗೊರಗೊರ ಸದ್ದಿನ ನಡುವೆ ತೇಲಿ ಬರುತ್ತಿದ್ದ ಹಾಡುಗಳನ್ನು ಕಿವಿಗೊಟ್ಟು ಕೇಳಿ, ಬೆಳಗ್ಗೆ ಎದ್ದು ತಂತಿಯ ಮೇಲೆ ಹುಡುಕುವುದು. ಪುಸ್ತಕ ನೋಡಿ ಬೆರಳು ಇಡುವುದು ಕಲಿತ.

ಹಾಗೆ ಹುಡುಕುತ್ತಾ ಹುಡುಕುತ್ತಾ ಸಿಕ್ಕಿದ್ದು ಬ್ಲೂಸ್. ಗೊತ್ತಿಲ್ಲದವರಿಗೆ ಒಂದು ಮಾತು. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣ ಸೀಮೆಯ ಹತ್ತಿಹೊಲಗಳಲ್ಲಿ ಬೆವರು ಸುರಿಸಿದ ಕರಿಯ ಜನರ ಹಾಡು. ಮೂರೇ ಮೂರು ಸ್ವರಮೇಳ, ಹನ್ನೆರಡು ಆವರ್ತದ ಒಂದು ಸುತ್ತು. ಅಷ್ಟರಲ್ಲೇ ಹಸಿವು, ಹೆಣ್ಣು, ಜೈಲು, ರೈಲು ಎಲ್ಲವೂ ಬರಬೇಕು. ಆ ಜನ ಚಿಕಾಗೋ ನಗರಕ್ಕೆ ಕೂಲಿಗೆ ಹೋದಾಗ ಗಿಟಾರಿಗೆ ಕರೆಂಟು ಸೇರಿತು. ಅದನ್ನೇ ಬಿಳಿಯ ಹುಡುಗರು ಇನ್ನಷ್ಟು ಜೋರಾಗಿ, ಇನ್ನಷ್ಟು ವೇಗವಾಗಿ ಹಿಡಿದಾಗ ಹುಟ್ಟಿದ್ದು ಬ್ಲೂಸ್-ರಾಕ್.

ಆದರೆ 1960ರ ಸುಮಾರಿನ ಐರ್ಲೆಂಡಿನಲ್ಲಿ ಬ್ಲೂಸ್ ಕೇಳೋರು ಯಾರು? ಅಲ್ಲಿ ಆಗ ಮೆರೆಯುತ್ತಿದ್ದದ್ದು ‘ಷೋಬ್ಯಾಂಡ್’ಗಳು. ಗಣಪತಿ ಪೆಂಡಾಲಿನ ನಮ್ಮ ಆರ್ಕೆಸ್ಟ್ರಾ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಒಂದೇ ಬಣ್ಣದ ಸೂಟು ತೊಟ್ಟ ಏಳೆಂಟು ಮಂದಿ, ಆ ವಾರದ ಜನಪ್ರಿಯ ಹಾಡುಗಳನ್ನು ಇದ್ದದ್ದು ಇದ್ದ ಹಾಗೆ ನುಡಿಸಬೇಕು, ಜನ ಕುಣಿಯಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ ಐರ್ಲೆಂಡಿನ ಡ್ಯಾನ್ಸ್ ಹಾಲುಗಳೆಲ್ಲ ಬಂದ್. ಆಗ ಬ್ಯಾಂಡಿನವರು ಹೊಟ್ಟೆಪಾಡಿಗೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. 15 ವರ್ಷದ ರೋರಿ ‘ಫಾಂಟಾನಾ’ ಎಂಬ ಷೋಬ್ಯಾಂಡ್ ಸೇರಿದ. ಶಾಲೆಯ ಹುಡುಗ, ರಾತ್ರಿಯೆಲ್ಲ ವ್ಯಾನಿನಲ್ಲಿ ಪ್ರಯಾಣ!

ಈಗ ಗಿಟಾರಿನ ಕಥೆ. ರಾಯಲ್ ಷೋಬ್ಯಾಂಡ್ ಅಂತ ದೊಡ್ಡ ತಂಡವೊಂದಿತ್ತು. ಅದರ ಗಿಟಾರ್ ವಾದಕ ಅಮೆರಿಕದಿಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ತರಿಸಿದ. ಅವನು ಕೇಳಿದ್ದು ಕೆಂಪು ಬಣ್ಣದ್ದು. ಬಂದದ್ದು ಸೂರ್ಯಾಸ್ತದ ಹಾಗೆ ಅಂಚಿಗೆ ಕಪ್ಪು, ನಡುವೆ ಹಳದಿ ಇರುವ ‘ಸನ್‌ಬರ್ಸ್ಟ್’. 1961ರಲ್ಲಿ ತಯಾರಾದದ್ದು. ಸರಿ, ಕೆಂಪು ಬರುವ ತನಕ ಇದನ್ನೇ ನುಡಿಸಿ, ಕೆಂಪು ಬಂದ ಮೇಲೆ ಇದನ್ನು ಕಾರ್ಕಿನ ಕ್ರೌಲಿ ಅಂಗಡಿಗೆ ಕೊಟ್ಟುಬಿಟ್ಟ. 1963ರಲ್ಲಿ ಅದರ ಬೆಲೆ 100 ಪೌಂಡು. ಅಂಗಡಿಯ ಕಿಟಕಿಯಲ್ಲಿ ಅದನ್ನು ಕಂಡ ಹುಡುಗನಿಗೆ ನಿದ್ದೆ ಬರಲಿಲ್ಲ. ಕಂತಿನ ಮೇಲೆ ತಂದೇಬಿಟ್ಟ! ಅಮ್ಮನಿಗೆ ದಿಗಿಲು, ಈ ಸಾಲ ತೀರುವುದು ಯಾವ ಜನ್ಮಕ್ಕೆ ಅಂತ. ಹುಡುಗನ ಸಮಾಧಾನ ಕೇಳಿ: ಇದೊಂದಿದ್ದರೆ ಹಾಡಿಗೆ ತಾಳವಾಗಿಯೂ ನಾನೇ ನುಡಿಸುತ್ತೇನೆ, ಮುಂದಾಳಾಗಿಯೂ ನಾನೇ ನುಡಿಸುತ್ತೇನೆ, ಇನ್ನೊಬ್ಬ ವಾದಕನ ಸಂಬಳ ಉಳೀತದಲ್ಲ ಅಂತ!

ಅದು ಒಮ್ಮೆ ಡಬ್ಲಿನ್ನಿನಲ್ಲಿ ಕಳುವಾಯಿತು. ಟೆಲಿವಿಷನ್ನಿನಲ್ಲಿ ಸುದ್ದಿ ಬಿತ್ತರವಾದ ಮೇಲೆ, ಕದ್ದವರು ಹೆದರಿ ಬಿಸಾಡಿದ್ದರೋ ಏನೋ, ದಿನಗಟ್ಟಲೆ ಮಳೆಯಲ್ಲಿ ನೆನೆದು ಹಳ್ಳದಲ್ಲಿ ಬಿದ್ದಿದ್ದದ್ದು ಸಿಕ್ಕಿತು. ಇನ್ನು ಯಾವತ್ತೂ ಇದನ್ನು ಮಾರುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದನಂತೆ. ಮುಂದೆ ಅವನ ಬೆವರಿಗೆ ಆ ಗಿಟಾರಿನ ಬಣ್ಣ ಪದರಪದರವಾಗಿ ಎದ್ದುಹೋಯಿತು. ವೇದಿಕೆಯ ಮೇಲೆ ಎರಡು ಎರಡೂವರೆ ತಾಸು ನಿಲ್ಲದೆ ನುಡಿಸುವ ಆಸಾಮಿ, ಶರ್ಟು ಹಿಂಡಿದರೆ ಒಂದು ಚೊಂಬು ನೀರು. ಕುತ್ತಿಗೆಯ ಮರ ಬೆವರು ಕುಡಿದು ಊದಿಕೊಂಡು, ಅದನ್ನು ಬಿಚ್ಚಿ ಒಣಗಲು ಇಟ್ಟದ್ದೂ ಉಂಟು. ಕೊನೆಗೆ ಉಳಿದದ್ದು ಬರೀ ಕಂದು ಮರ, ಅಲ್ಲಲ್ಲಿ ಬಣ್ಣದ ಕುರುಹು. ಆರು ಕಿವಿಗಳಲ್ಲಿ ಒಂದು ಬೇರೆ ಯಾವುದೋ ಗಿಟಾರಿನದು. ಪುನಃ ಬಣ್ಣ ಹಾಕಿಸುವ ಮಾತೇ ಇಲ್ಲ!

ಟೇಸ್ಟ್

1966ರಲ್ಲಿ ಕಾರ್ಕಿನಲ್ಲಿ ‘ಟೇಸ್ಟ್’ ಎಂಬ ಮೂವರ ತಂಡ ಕಟ್ಟಿದ. ಆಮೇಲೆ ಉತ್ತರ ಐರ್ಲೆಂಡಿನ ಇಬ್ಬರು ಹುಡುಗರು, ರಿಚರ್ಡ್ ಮೆಕ್ರಾಕನ್ ಮತ್ತು ಜಾನ್ ವಿಲ್ಸನ್, ಜೊತೆಯಾದರು. 1968ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕ್ಲಾಪ್ಟನ್ನನ ‘ಕ್ರೀಮ್’ ತಂಡದ ವಿದಾಯ ಕಚೇರಿ ನಡೆದಾಗ ಮೊದಲಿಗೆ ನುಡಿಸಿದವರಲ್ಲಿ ಇವರೂ ಇದ್ದರು. 1970ರ ಆಗಸ್ಟಿನಲ್ಲಿ ಐಲ್ ಆಫ್ ವೈಟ್ ದ್ವೀಪದ ಉತ್ಸವ. ಹೆಂಡ್ರಿಕ್ಸ್, ದಿ ಹೂ, ಡೋರ್ಸ್ ಎಲ್ಲ ಸೇರಿದ್ದ ಜಾತ್ರೆ. ಲಕ್ಷಗಟ್ಟಲೆ ಜನರ ಮುಂದೆ ಈ ಮೂವರು ನಿಂತರೆ ಜನ ಬಿಡಲೊಲ್ಲರು, ಮತ್ತೆ ಮತ್ತೆ ಕೂಗಿ ಕರೆದರು. ಮರ್ರೆ ಲರ್ನರ್ ಎಂಬ ಚಿತ್ರ ನಿರ್ದೇಶಕ ಅದನ್ನೆಲ್ಲ ಸೆರೆಹಿಡಿದಿದ್ದಾನೆ. ವಿಚಿತ್ರ ನೋಡಿ, ಆ ಹೊತ್ತಿಗೆ ತಂಡದೊಳಗೆ ಮಾತುಕತೆ ಮುರಿದಿತ್ತು. ದುಡ್ಡಿನ ವ್ಯವಹಾರ, ವ್ಯವಸ್ಥಾಪಕನ ತಕರಾರು. 1970ರ ಕೊನೆಗೆ ಟೇಸ್ಟ್ ಒಡೆಯಿತು.

1971ರಿಂದ ಸ್ವಂತ ಹೆಸರು. ಬೆಲ್‌ಫಾಸ್ಟಿನ ಜೆರ್ರಿ ಮೆಕವಾಯ್ ಬಾಸ್ ಗಿಟಾರ್ ಹಿಡಿದು ಬಂದವನು ಇಪ್ಪತ್ತು ವರ್ಷ ಜೊತೆಗಿದ್ದ. ‘ಮೆಲಡಿ ಮೇಕರ್’ ಪತ್ರಿಕೆಯ ಓದುಗರು ಕ್ಲಾಪ್ಟನ್ನನನ್ನೂ ಹಿಂದೆ ಹಾಕಿ ಇವನನ್ನು ಮೊದಲನೆಯವನಾಗಿ ಆರಿಸಿದರು.

ಅದಕ್ಕಿಂತ ಅವನಿಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. 1971ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಲಂಡನ್ನಿಗೆ ಬಂದರು. ಚಿಕಾಗೋ ಬ್ಲೂಸಿನ ಪಿತಾಮಹ, ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರನ್ನೇ ತೆಗೆದುಕೊಂಡದ್ದು ಇವರ ಹಾಡಿನಿಂದ. ಲಂಡನ್ ಹುಡುಗರ ಜೊತೆ ಧ್ವನಿಮುದ್ರಣ, ರೋರಿಗೂ ಕರೆ. ಇವನಿಗೋ ಅದೇ ದಿನಗಳಲ್ಲಿ ಊರೂರು ಕಚೇರಿ. ಕಚೇರಿ ಮುಗಿಸಿ ಮಧ್ಯರಾತ್ರಿ ಕಾರು ಓಡಿಸಿಕೊಂಡು ಸ್ಟುಡಿಯೋಕ್ಕೆ ಓಡಿದರೆ, ಆ ಹಿರಿಯರು ಇವನಿಗಾಗಿ ಕಾದು ಕೂತಿದ್ದರಂತೆ! ರೇಡಿಯೋದಲ್ಲಿ ಕದ್ದು ಕೇಳಿದ ದನಿ ಎದುರಿಗೇ ಕೂತು ‘ಬಾ ಮಗು’ ಎಂಬಂತೆ ನೋಡಿದರೆ ಹೇಗಾಗಬೇಡ?

ಬೆಲ್‌ಫಾಸ್ಟಿನ ರಾತ್ರಿಗಳು

ಈಗ ಬಂದೆ ನೋಡಿ ನಾನು ಹೇಳಬೇಕೆಂದ ಜಾಗಕ್ಕೆ.

ಐರ್ಲೆಂಡ್ ಎರಡು ಹೋಳಾದದ್ದು 1921ರಲ್ಲಿ. ದಕ್ಷಿಣ ಸ್ವತಂತ್ರವಾಯಿತು, ಉತ್ತರದ ಆರು ಜಿಲ್ಲೆ ಬ್ರಿಟನ್ನಿನ ಕೈಯಲ್ಲೇ ಉಳಿಯಿತು. ಉತ್ತರದಲ್ಲಿ ಪ್ರಾಟೆಸ್ಟಂಟರು ಹೆಚ್ಚು, ಅವರಿಗೆ ಬ್ರಿಟನ್ ಬೇಕು. ಕ್ಯಾಥೊಲಿಕರು ಕಡಿಮೆ, ಅವರಿಗೆ ಒಂದಾದ ಐರ್ಲೆಂಡ್ ಬೇಕು. ಕೆಲಸದಲ್ಲಿ, ಮನೆ ಹಂಚಿಕೆಯಲ್ಲಿ, ಮತದಲ್ಲಿ ತಾರತಮ್ಯ. 1960ರ ದಶಕದ ಕೊನೆಗೆ ಹತ್ತಿಕೊಂಡ ಬೆಂಕಿ 1998ರ ಒಪ್ಪಂದದ ತನಕ ಉರಿಯಿತು. ಸತ್ತವರು 3,500ಕ್ಕೂ ಹೆಚ್ಚು. ಎಲ್ಲಕ್ಕಿಂತ ಕೆಟ್ಟ ವರ್ಷ 1972. ಆ ಜುಲೈ 21ರಂದು ಒಂದೇ ಮಧ್ಯಾಹ್ನ ಬೆಲ್‌ಫಾಸ್ಟ್ ನಗರದಲ್ಲಿ ಇಪ್ಪತ್ತರಷ್ಟು ಬಾಂಬು ಸಿಡಿದವು.

ಇಂಥ ಊರಿಗೆ ಹಾಡಲು ಯಾರು ಬರುತ್ತಾರೆ? ದೊಡ್ಡ ದೊಡ್ಡ ತಂಡಗಳೆಲ್ಲ ಹೆಸರನ್ನೇ ತಮ್ಮ ಪಟ್ಟಿಯಿಂದ ಹೊಡೆದುಹಾಕಿದವು. ವಿಮೆಯವರು ಒಪ್ಪುವುದಿಲ್ಲ, ಹೋಟೆಲಿನವರು ಖಾತರಿ ಕೊಡುವುದಿಲ್ಲ, ಸಂಜೆಯಾದರೆ ನಗರದ ನಡುಭಾಗ ಖಾಲಿ ಖಾಲಿ. ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು ಏನು ಮಾಡಬೇಕು? ಸಿನಿಮಾಗೆ ಹೋದರೆ ಬಾಂಬು, ಬಾರಿಗೆ ಹೋದರೆ ಬಾಂಬು. ಮನೆಯಲ್ಲಿ ಕೂರಬೇಕು, ಇಲ್ಲವೆ ಬೀದಿಯಲ್ಲಿ ಕಲ್ಲು ಹಿಡಿಯಬೇಕು.

ರೋರಿ ಬಂದ. ಒಂದು ಸಲ ಬಂದು ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡು ಹೋಗಲಿಲ್ಲ ಗೆಳೆಯರೆ, ಪುನಃ ಪುನಃ ಬಂದ. ಬೆಡ್‌ಫರ್ಡ್ ಬೀದಿಯ ಅಲ್‌ಸ್ಟರ್ ಹಾಲ್, 1862ರಲ್ಲಿ ಕಟ್ಟಿದ ಹಳೆಯ ಸಭಾಂಗಣ. ಅಲ್ಲಿ ಅವನ ಕಚೇರಿ ಅಂದರೆ ಊರಿಗೆ ಹಬ್ಬ. ಶಂಕಿಲ್ ರಸ್ತೆಯ ಪ್ರಾಟೆಸ್ಟಂಟ್ ಹುಡುಗ, ಫಾಲ್ಸ್ ರಸ್ತೆಯ ಕ್ಯಾಥೊಲಿಕ್ ಹುಡುಗ, ಹಗಲಲ್ಲಿ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡಲಾರದವರು, ರಾತ್ರಿ ಅಕ್ಕಪಕ್ಕ ನಿಂತು ಒಂದೇ ಹೆಸರು ಕೂಗಿದರು. ಬಾಗಿಲಲ್ಲಿ ನಿನ್ನ ಚರ್ಚು ಯಾವುದು ಅಂತ ಕೇಳೋರಿಲ್ಲ.

ರೋರಿ ವೇದಿಕೆಯ ಮೇಲಿಂದ ಶಾಂತಿಯ ಭಾಷಣ ಮಾಡಿದನೇ? ಇಲ್ಲ. ಯಾವ ಪಕ್ಷದ ಬಾವುಟ ಹಿಡಿದನೇ? ಅದೂ ಇಲ್ಲ. ಬಂದ, ಪ್ಲಗ್ ಸಿಕ್ಕಿಸಿದ, ನುಡಿಸಿದ. ಅಷ್ಟೆ. ಅವನದೇ ಬದುಕು ಗಡಿಯ ಎರಡೂ ಕಡೆ ಹರಿದು ಹಂಚಿಹೋಗಿತ್ತು. ಹುಟ್ಟು ಒಂದು ಕಡೆ, ಬಾಲ್ಯದ ಒಂದಷ್ಟು ದಿನ ಇನ್ನೊಂದು ಕಡೆ. ತಂಡದಲ್ಲಿದ್ದವರೂ ಬೆಲ್‌ಫಾಸ್ಟಿನವರೇ ಹೆಚ್ಚು. ಅವರ ಅಮ್ಮಂದಿರು ಅಲ್ಲೇ ಇದ್ದರು. ಅವರ ಊರಿಗೆ ಅವರು ಹೋಗುವುದರಲ್ಲಿ ಏನು ವಿಶೇಷ ಅನ್ನೋ ಹಾಗೆ ಇತ್ತು ಅವನ ನಡೆ.

ಇದು ಸುಮ್ಮನೆ ಹೇಳುವ ಧೈರ್ಯದ ಮಾತಲ್ಲ. 1975ರ ಜುಲೈ 31ರ ರಾತ್ರಿ ಏನಾಯಿತು ಕೇಳಿ. ಮಯಾಮಿ ಷೋಬ್ಯಾಂಡ್ ಅಂತ ಐರ್ಲೆಂಡಿನ ಬಹು ಜನಪ್ರಿಯ ತಂಡ. ಅದರಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರಾಟೆಸ್ಟಂಟರೂ ಇದ್ದರು. ಉತ್ತರದ ಬ್ಯಾನ್‌ಬ್ರಿಜ್ ಊರಿನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ವ್ಯಾನಿನಲ್ಲಿ ಡಬ್ಲಿನ್ನಿಗೆ ಹೊರಟಿದ್ದಾರೆ. ದಾರಿಯಲ್ಲಿ ಮಿಲಿಟರಿ ತಪಾಸಣೆ. ಇಳಿದು ಸಾಲಾಗಿ ನಿಂತರು. ಅದು ನಕಲಿ ತಪಾಸಣೆ! ಸೈನಿಕರ ಉಡುಪಿನಲ್ಲಿದ್ದವರು ಪ್ರಾಟೆಸ್ಟಂಟ್ ಉಗ್ರರು. ಹುಡುಗರು ನಿಂತಿದ್ದಾಗ ವ್ಯಾನಿನೊಳಗೆ ಬಾಂಬು ಬಚ್ಚಿಡಲು ಹೋದರು. ಅದು ಅಲ್ಲೇ ಸಿಡಿದು ಇಟ್ಟವರಿಬ್ಬರೂ ಚೂರಾದರು. ಉಳಿದವರು ಗುಂಡು ಹಾರಿಸಿದರು. ಮೂವರು ಸಂಗೀತಗಾರರು ಸತ್ತರು. ಅವರು ಮಾಡಿದ ತಪ್ಪು, ಹಾಡಲು ಹೋದದ್ದು.

ರೋರಿಯೂ ಷೋಬ್ಯಾಂಡ್ ವ್ಯಾನಿನಲ್ಲೇ ಬೆಳೆದವನು. ಅದೇ ರಸ್ತೆ, ಅಂಥದೇ ರಾತ್ರಿ ಪ್ರಯಾಣ. ಆ ಕೊಲೆಗಳಾದ ಮೇಲೆ ಎಷ್ಟೋ ತಂಡಗಳು ಗಡಿ ದಾಟುವುದನ್ನೇ ನಿಲ್ಲಿಸಿದವು. ರೋರಿ ಆಮೇಲೂ ಅಲ್‌ಸ್ಟರ್ ಹಾಲಿಗೆ ಬಂದ.

ತೆರೆಯ ಮೇಲೆ ರೋರಿ

ನಮ್ಮದು ಸಿನಿಮಾ ಪತ್ರಿಕೆ. ಸಿನಿಮಾದ ಮಾತಿಗೆ ಬರೋಣ. ಕ್ರೀಮ್ ತಂಡದ ವಿದಾಯ ಕಚೇರಿ ಅಂದೆನಲ್ಲ, ಅದನ್ನು ಚಿತ್ರೀಕರಿಸಿದವನು ಟೋನಿ ಪಾಮರ್. ಅದೇ ನಿರ್ದೇಶಕ 1974ರ ಜನವರಿಯಲ್ಲಿ ಕ್ಯಾಮೆರಾ ಹೊತ್ತು ರೋರಿಯ ಬೆನ್ನು ಹತ್ತಿದ. ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಮೂರು ಊರು. ಚಿತ್ರದ ಹೆಸರು ‘ಐರಿಷ್ ಟೂರ್ 1974’. ಅದೇ ಕಚೇರಿಗಳ ಧ್ವನಿಮುದ್ರಣ ‘ಐರಿಷ್ ಟೂರ್ ’74’ ಎಂಬ ಜೋಡಿ ರೆಕಾರ್ಡಾಗಿ ಅದೇ ವರ್ಷ ಹೊರಬಂತು.

ಕಥೆಯಿಲ್ಲ, ನಾಯಕಿಯಿಲ್ಲ, ಫೈಟಿಂಗ್ ಇಲ್ಲ. ಆದರೂ ಕಣ್ಣು ಕೀಳಲಾಗದು. ಮೊಳಕೈವರೆಗೆ ಮಡಿಸಿದ ಚೆಕ್ಸ್ ಶರ್ಟಿನ ಹುಡುಗ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಾನೆ, ಕುಪ್ಪಳಿಸುತ್ತಾನೆ. ಕಿರುಬೆರಳ ತುದಿಯ ಬಳಿ ಒಂದು ಸಣ್ಣ ಕೊಳವೆ ತೊಡಿಸಿಕೊಂಡು ತಂತಿಯ ಮೇಲೆ ಜಾರಿಸಿದರೆ ಗಿಟಾರ್ ಅಳುತ್ತದೆ. ಅದಕ್ಕೆ ‘ಸ್ಲೈಡ್’ ಅಂತಾರೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಗದ್ದಲ ನಿಲ್ಲಿಸಿ ಕರೆಂಟಿಲ್ಲದ ಗಿಟಾರ್ ಹಿಡಿದು ಒಬ್ಬನೇ ನಿಲ್ಲುತ್ತಾನೆ, ಸಭೆ ಚಪ್ಪಾಳೆಯ ತಾಳ ಹಾಕುತ್ತದೆ. ಕಚೇರಿ ಮುಗಿದರೆ ಅವನು ಬೇರೆ ಮನುಷ್ಯ! ಬೀದಿಯಲ್ಲಿ ನಡೆವಾಗ, ಹಿಂದಿನ ಕೋಣೆಯಲ್ಲಿ ಕೂತಾಗ, ಮಾತು ಮೆಲ್ಲಗೆ, ಕಣ್ಣು ನೆಲಕ್ಕೆ. ನಾಚಿಕೆಯ ಪ್ರಾಣಿ. ಇವನೇ ಅವನೇ ಅಂತ ಅನುಮಾನ ಬರುತ್ತೆ. ಟೋನಿ ಪಾಮರ್ ಆ ವ್ಯತ್ಯಾಸವನ್ನು ಮಾತಿಲ್ಲದೆ ತೋರಿಸುತ್ತಾನೆ. ನನ್ನ ಮಟ್ಟಿಗೆ ರಾಕ್ ಸಂಗೀತದ ಚಿತ್ರಗಳಲ್ಲಿ ಇದು ‘ವುಡ್‌ಸ್ಟಾಕ್’ಗಿಂತ ಒಂದು ತೂಕ ಹೆಚ್ಚೇ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಅಭಿಮಾನಿಗಳು ಬೈದರೂ ಚಿಂತೆಯಿಲ್ಲ. ರೋರಿಯ ಸ್ಟುಡಿಯೋ ರೆಕಾರ್ಡುಗಳು ಎಷ್ಟೇ ಚೆನ್ನಾಗಿದ್ದರೂ ಜನರ ಮುಂದೆ ನುಡಿಸಿದವುಗಳ ಸಮಕ್ಕೆ ಬರುವುದಿಲ್ಲ. ಗೋಡೆಯ ಎದುರು ಕೂರಿಸಿದರೆ ಅವನಿಗೆ ಅನುಮಾನ ಶುರುವಾಗುತ್ತಿತ್ತು. ಇದು ಸರಿಯಾ, ಅದು ಸರಿಯಾ, ಇನ್ನೊಮ್ಮೆ ಮಾಡೋಣವಾ ಅಂತ.

ಆ ಅನುಮಾನಕ್ಕೆ ಬಲಿಯಾದ ಒಂದು ಆಲ್ಬಮ್ಮೇ ಇದೆ. 1977ರ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ, ಎಲಿಯಟ್ ಮೇಜರ್ ಎಂಬ ಹೆಸರಾಂತ ನಿರ್ಮಾಪಕನ ಜೊತೆ ವಾರಗಟ್ಟಲೆ ಕೂತು ಹಾಡು ಮುದ್ರಿಸಿದ. ಕಂಪನಿಯ ಹಣ ನೀರಿನ ಹಾಗೆ ಹರಿದಿತ್ತು. 1978ರ ಜನವರಿ 14ರಂದು ಅದೇ ಊರಿನಲ್ಲಿ ‘ಸೆಕ್ಸ್ ಪಿಸ್ಟಲ್ಸ್’ ತಂಡದ ಕಚೇರಿ. ಪಂಕ್ ಹುಡುಗರು, ನುಡಿಸಲು ಸರಿಯಾಗಿ ಬರದಿದ್ದರೂ ಬೆಂಕಿ ಕಾರುವವರು. ರೋರಿ ಹೋಗಿ ನೋಡಿದ. ತನ್ನ ಹೊಸ ಆಲ್ಬಮ್ ಅವನಿಗೆ ಅತಿಯಾಗಿ ನಯವಾಗಿ ಕೇಳಿಸಿತು. ಬೇಡ ಅಂದ. ಪೂರ್ತಿ ಆಲ್ಬಮ್ಮನ್ನೇ ಬೇಡ ಅಂದ! ಮಾಡಿದ್ದನ್ನೆಲ್ಲ ಕಸಕ್ಕೆ ಹಾಕಿ, ತಂಡವನ್ನೂ ಬದಲಿಸಿ, ಅದೇ ವರ್ಷ ‘ಫೋಟೋ-ಫಿನಿಷ್’ ಎಂಬ ಬೇರೆಯೇ ರೆಕಾರ್ಡ್ ಮಾಡಿದ. ಆ ಹಳೆಯ ಟೇಪುಗಳು ಬೆಳಕು ಕಂಡದ್ದು 2011ರಲ್ಲಿ, ಅವನು ಸತ್ತು 16 ವರ್ಷದ ಮೇಲೆ.

ಹಾಗೆಯೇ ‘ಸಿಂಗಲ್’ ವಿಷಯ. ರೇಡಿಯೋದಲ್ಲಿ ಓಡುವ ಮೂರು ನಿಮಿಷದ ಹಾಡನ್ನು ಬಿಡಿಯಾಗಿ ಮಾರಿದರೆ ದುಡ್ಡು, ಟಿ.ವಿ., ಹೆಸರು ಎಲ್ಲ ಬರುತ್ತೆ. ಕಂಪನಿಯವರು ಕೇಳಿದರು, ಗೋಗರೆದರು. ಇವನು ಒಪ್ಪಲಿಲ್ಲ. ಅಲ್ಲ, ಇಷ್ಟು ಹಟ ಬೇಕಿತ್ತೇ ಅಂತ ನನಗೂ ಅನಿಸುತ್ತೆ. ಒಂದೇ ಒಂದು ಹಾಡು ಬಿಟ್ಟಿದ್ದರೆ ಇವತ್ತು ನಮ್ಮ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲೂ ಅವನ ಹೆಸರು ಕೇಳಬಹುದಾಗಿತ್ತು. ಆದರೆ ಷೋಬ್ಯಾಂಡಿನಲ್ಲಿ ಇನ್ನೊಬ್ಬರ ಜನಪ್ರಿಯ ಹಾಡನ್ನು ವಾರಕ್ಕೈದು ರಾತ್ರಿ ನುಡಿಸಿ ನುಡಿಸಿ ಸಾಕಾದವನು ಆ ಅಂಗಡಿಗೆ ಮತ್ತೆ ಹೋಗಲು ಒಪ್ಪದಿದ್ದರೆ ತಪ್ಪೆನ್ನುವುದು ಹೇಗೆ?

ಒಂಟಿ ಕೋಣೆ

ವೇದಿಕೆಯಿಂದ ಇಳಿದರೆ ಅವನಿಗೆ ಬೇರೆ ಬದುಕಿರಲಿಲ್ಲ. ಮದುವೆಯಾಗಲಿಲ್ಲ. ಡ್ಯಾಶಿಯಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ, ಅವುಗಳ ಮೇಲೆ ಹಾಡನ್ನೂ ಕಟ್ಟಿದ್ದಾನೆ. ವಿಮಾನವೆಂದರೆ ಭಯ. ವರ್ಷವಿಡೀ ಊರೂರು ಅಲೆಯುವವನಿಗೆ ವಿಮಾನದ ಭಯ, ನೋಡಿ ಹಣೆಬರಹ! ಭಯಕ್ಕೆ ಮಾತ್ರೆ, ನಿದ್ದೆಗೆ ಮಾತ್ರೆ, ಅದರ ಮೇಲೆ ಕುಡಿತ. 1980ರ ದಶಕ ಕಳೆಯುತ್ತಾ ಬಂದಂತೆ ಮುಖ ಊದಿಕೊಂಡಿತು, ನಡಿಗೆ ನಿಧಾನವಾಯಿತು. ಕೊನೆಯ ವರ್ಷಗಳನ್ನು ಕಳೆದದ್ದು ಲಂಡನ್ನಿನ ಹೋಟೆಲ್ ಕೋಣೆಯಲ್ಲಿ, ಬಹುಮಟ್ಟಿಗೆ ಒಬ್ಬನೇ. 1990ರಲ್ಲಿ ಬಂದ ‘ಫ್ರೆಶ್ ಎವಿಡೆನ್ಸ್’ ಅವನ ಜೀವಿತಕಾಲದ ಕೊನೆಯ ಸ್ಟುಡಿಯೋ ಆಲ್ಬಮ್.

ನಮ್ಮ ಹುಡುಗರಲ್ಲಿ ಒಂದು ರೂಢಿಯಿದೆ: ಕಲಾವಿದ ಕುಡಿದು ಸತ್ತರೆ ಅದಕ್ಕೊಂದು ಪ್ರಭಾವಳಿ ಕಟ್ಟುವುದು. ದಯವಿಟ್ಟು ಇಲ್ಲಿ ಕಟ್ಟಬೇಡಿ. ಆ ಹೋಟೆಲ್ ಕೋಣೆಯಲ್ಲಿ ಹಾಡೂ ಇರಲಿಲ್ಲ, ವೀರತನವೂ ಇರಲಿಲ್ಲ. ಖಾಯಿಲೆಯ ಮನುಷ್ಯನೊಬ್ಬನಿದ್ದ, ಅವನನ್ನು ಉಳಿಸಿಕೊಳ್ಳಲು ಒದ್ದಾಡುವ ತಮ್ಮನೊಬ್ಬನಿದ್ದ.

1995ರ ಜನವರಿ 10ರಂದು ನುಡಿಸಿದ್ದೇ ಕೊನೆಯ ಕಚೇರಿ. ಊರು ಯಾವುದು ಗೊತ್ತೆ? ಅದೇ ರಾಟರ್‌ಡ್ಯಾಮ್. ಸ್ಟೋನ್ಸ್‌ಗಾಗಿ ಕಾದು ಎದ್ದು ಹೋದ ಊರು, ಹೆಚ್ಚುಕಡಿಮೆ ಅದೇ ತಿಂಗಳು, ಇಪ್ಪತ್ತು ವರ್ಷದ ಮೇಲೆ. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ. ಯಕೃತ್ತು ಹಾಳಾಗಿತ್ತು, ಬೇರೆಯದನ್ನು ಜೋಡಿಸಿದರು. ಶಸ್ತ್ರಚಿಕಿತ್ಸೆ ನಿಭಾಯಿಸಿತು, ಚೇತರಿಸಿಕೊಳ್ಳುತ್ತಿದ್ದಾನೆ ಅನ್ನುವಾಗ ಸೋಂಕು ತಗುಲಿತು. 1995ರ ಜೂನ್ 14ರಂದು ತೀರಿಕೊಂಡ. ವಯಸ್ಸು 47. ಕಾರ್ಕಿನ ಬೀದಿಗಳಲ್ಲಿ ಸಾವಿರಾರು ಜನ ನಿಂತು ಕಳಿಸಿಕೊಟ್ಟರು.

ಯಾರ್ಯಾರ ಬೆರಳಲ್ಲಿ

ಒಂದು ಕಥೆ ಬಹಳ ಓಡಾಡುತ್ತೆ. ‘ಜಗತ್ತಿನ ಅತ್ಯುತ್ತಮ ಗಿಟಾರ್ ವಾದಕನಾಗಿರುವುದು ಹೇಗನಿಸುತ್ತೆ?’ ಅಂತ ಯಾರೋ ಹೆಂಡ್ರಿಕ್ಸನನ್ನು ಕೇಳಿದರಂತೆ, ಅವನು ‘ರೋರಿಯನ್ನು ಕೇಳಿ’ ಅಂದನಂತೆ. ಚೆಂದದ ಕಥೆ, ಆದರೆ ಹೆಂಡ್ರಿಕ್ಸ್ ಹಾಗೆ ಹೇಳಿದ ಸಂದರ್ಶನವನ್ನು ಈವರೆಗೆ ಯಾರೂ ಹಾಜರುಪಡಿಸಿಲ್ಲ. ಇದೇ ಮಾತನ್ನು ಬೇರೆ ಬೇರೆ ವಾದಕರ ಹೆಸರಿಗೂ ಅಂಟಿಸುತ್ತಾರೆ. ಬಿಡಿ, ರೋರಿಗೆ ಸುಳ್ಳಿನ ಹಾರ ಬೇಕಿಲ್ಲ. ಸತ್ಯವಾದದ್ದೇ ಸಾಕಷ್ಟಿದೆ.

ಲಂಡನ್ನಿನ ಮಾರ್ಕ್ವೀ ಕ್ಲಬ್ಬಿನಲ್ಲಿ ಟೇಸ್ಟ್ ನುಡಿಸುತ್ತಿದ್ದ ದಿನಗಳು. ಕಚೇರಿ ಮುಗಿದ ಮೇಲೆ ಒಬ್ಬ ಗುಂಗುರು ಕೂದಲಿನ ವಿದ್ಯಾರ್ಥಿ ಹೊರಗೆ ಹೋಗದೆ ಉಳಿದುಕೊಂಡ. ರೋರಿ ತನ್ನ ಸಾಮಾನು ತಾನೇ ಕಟ್ಟುತ್ತಿದ್ದ. ಹತ್ತಿರ ಹೋಗಿ ಕೇಳಿದ, ಈ ನಾದ ಹೇಗೆ ಬರುತ್ತೆ ಅಂತ. ಬೇರೆ ಯಾರಾದರೂ ಆಗಿದ್ದರೆ ಗುಟ್ಟು ಬಿಡುತ್ತಿದ್ದರೇ? ರೋರಿ ತೋರಿಸಿಯೇಬಿಟ್ಟ. ಇದು ವಾಕ್ಸ್ ಎಸಿ-30 ಆಂಪ್ಲಿಫೈಯರ್, ಇದು ರೇಂಜ್‌ಮಾಸ್ಟರ್ ಎಂಬ ಸಣ್ಣ ಡಬ್ಬಿ, ತಂತಿಯ ಮೇಲಿನ ದನಿಯನ್ನು ಚೂಪು ಮಾಡಿ ಆಂಪ್ಲಿಫೈಯರನ್ನು ಕೆರಳಿಸುತ್ತೆ. ಹುಡುಗ ಹೋಗಿ ಹಳೆಯ ಎಸಿ-30 ಕೊಂಡ. ಅವನ ಹೆಸರು ಬ್ರಯಾನ್ ಮೇ, ಮುಂದೆ ‘ಕ್ವೀನ್’ ತಂಡದ ಗಿಟಾರ್ ವಾದಕ. ಕ್ವೀನ್ ಹಾಡುಗಳಲ್ಲಿ ಕೇಳುವ ಆ ನಾದದ ಬೇರು ರೋರಿಯದು ಅಂತ ಸ್ವತಃ ಅವನೇ ಹೇಳಿಕೊಂಡಿದ್ದಾನೆ. ‘ದಿ ಸ್ಮಿತ್ಸ್’ ತಂಡದ ಜಾನಿ ಮಾರ್ ಹುಡುಗನಾಗಿದ್ದಾಗ ರೋರಿಯ ‘ಡ್ಯೂಸ್’ ರೆಕಾರ್ಡಿನ ಜೊತೆ ನುಡಿಸಿ ನುಡಿಸಿ ಬೆರಳು ಪಳಗಿಸಿದವನು.

ಊರುಗಳೂ ಮರೆತಿಲ್ಲ. ಕಾರ್ಕಿನಲ್ಲಿ ಅವನ ಹೆಸರಿನ ಚೌಕ, ಬ್ಯಾಲಿಷಾನನ್ನಿನಲ್ಲಿ 2010ರಿಂದ ಕಂಚಿನ ಪ್ರತಿಮೆ. 2025ರ ಜನವರಿಯಲ್ಲಿ ಬೆಲ್‌ಫಾಸ್ಟಿನಲ್ಲೂ ಪ್ರತಿಮೆ ಎದ್ದಿತು. ಎಲ್ಲಿ? ಬೆಡ್‌ಫರ್ಡ್ ಬೀದಿಯಲ್ಲಿ, ಅಲ್‌ಸ್ಟರ್ ಹಾಲಿನ ಮುಂದೆ! ಪ್ರತಿಮೆ ನಿಲ್ಲಿಸುವುದೇ ಜಗಳಕ್ಕೆ ದಾರಿಯಾಗುವ ಊರು ಅದು.

ಇನ್ನು ಆ ಬಣ್ಣ ಹೋದ ಗಿಟಾರ್? ಅಣ್ಣ ಸತ್ತ ಮೇಲೆ ಅದನ್ನು ಜೋಪಾನ ಮಾಡಿದವನು ಡೋನಲ್. ಫೆಂಡರ್ ಕಂಪನಿಯವರು ಅದರ ಪ್ರತಿಯನ್ನೇ ತಯಾರಿಸಿ ಮಾರಿದರು. ಹೊಸ ಮರಕ್ಕೆ ಬಣ್ಣ ಹಚ್ಚಿ, ಹಚ್ಚಿದ ಬಣ್ಣವನ್ನು ಕೆರೆದು, ಬೇರೆ ಜಾತಿಯ ಒಂದು ಕಿವಿಯನ್ನೂ ಸಿಕ್ಕಿಸಿ! 2024ರ ಅಕ್ಟೋಬರಿನಲ್ಲಿ ಅಸಲಿ ಗಿಟಾರ್ ಲಂಡನ್ನಿನ ಬಾನಮ್ಸ್ ಹರಾಜಿಗೆ ಬಂತು. ಐರ್ಲೆಂಡಿನಲ್ಲಿ ಗುಲ್ಲೋ ಗುಲ್ಲು. ಇದು ಯಾರೋ ಸಾಹುಕಾರನ ಕಪಾಟು ಸೇರಬಾರದು ಅಂತ ಜನ ಚಂದಾ ಎತ್ತಲು ಹೊರಟರು; ಮುಂದಾದವಳು ಗಿಟಾರ್ ಮಾರಿದ್ದ ಆ ಕ್ರೌಲಿ ಅಂಗಡಿಯವರ ಮಗಳೇ. ಕೊನೆಗೆ ಲೈವ್ ನೇಷನ್ ಗೇಯಿಟಿ ಎಂಬ ಕಚೇರಿ ಏರ್ಪಡಿಸುವ ಸಂಸ್ಥೆ 8,89,400 ಪೌಂಡಿಗೆ ಅದನ್ನು ಕೊಂಡಿತು. ನಮ್ಮ ದುಡ್ಡಿನಲ್ಲಿ ಒಂಬತ್ತೂವರೆ ಕೋಟಿಗೂ ಮೇಲೆ. ಕೊಂಡದ್ದು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಲು.

‘ಐರಿಷ್ ಟೂರ್ 1974’ ಚಿತ್ರ ಹುಡುಕಿದರೆ ಸಿಗುತ್ತದೆ, ಆ ಪ್ರವಾಸದ ಕಚೇರಿಗಳೆಲ್ಲ ಸೇರಿದ ದೊಡ್ಡ ಸಂಪುಟವೂ 2014ರಲ್ಲಿ ಬಂದಿದೆ. ಮೊದಲ ಸಲ ಕೇಳುವವರು ಬೆಲ್‌ಫಾಸ್ಟಿನ ರಾತ್ರಿಯಿಂದಲೇ ಶುರು ಮಾಡಿ. ಹಾಡು ಹಾಡಿನ ನಡುವೆ ಸಭೆ ಕೂಗುವ ಕೂಗು ಇದೆಯಲ್ಲ, ಅದನ್ನೂ ಸ್ವಲ್ಪ ಕಿವಿಗೊಟ್ಟು ಕೇಳಿ.